ಪಥ್ಯ: ಹಿಡಿಯುವುದೋ ಬಿಡುವುದೋ

ಪಥ್ಯ ಎಂಬ ಪದಕ್ಕೆ ನಮ್ಮ ಮನೆಗಳಲ್ಲಿ ಸಪ್ಪೆ ಸಾರಿನ ರುಚಿ ಅಂಟಿಕೊಂಡಿದೆ. ಬಾಣಂತಿಯ ಪಥ್ಯ, ಕಾಮಾಲೆಯ ಪಥ್ಯ, ನಾಟಿಮದ್ದಿನ ಪಥ್ಯ ಎಂದು ಅದರ ಕವಲುಗಳು. ಪಥ್ಯ ಹಿಡಿಯುತ್ತೇವೆ, ಪಥ್ಯ ಮಾಡುತ್ತೇವೆ, ಪಥ್ಯದಲ್ಲಿರುತ್ತೇವೆ, ನೆಂಟರ ಮನೆಯ ಹೋಳಿಗೆ ಕಂಡೊಡನೆ ಪಥ್ಯ ಮುರಿಯುತ್ತೇವೆ, ಮುರಿದದ್ದನ್ನು ಪಂಡಿತರಿಗೆ ಹೇಳದೆ ಮುಚ್ಚಿಡುತ್ತೇವೆ. ಬಾಯಿಮಾತಿನಲ್ಲಿ ಮಹಾಪ್ರಾಣ ಕಳಚಿ ‘ಪತ್ಯ’ವಾಗುವ ಈ ಪದ ತಮಿಳಿಗೆ ಹೋಗಿ ‘ಪತ್ತಿಯಂ’ ಆಗಿದೆ. ಇಷ್ಟೆಲ್ಲ ಓಡಾಡಿದ ಪದಕ್ಕೆ ಈಚೆಗೆ ಇನ್ನೊಂದು ಕವಲು ಒಡೆದಿದೆ. ಪೇಟೆಯ ಪೋಷಣತಜ್ಞರು ಬರೆದುಕೊಡುವ ‘ಕ್ಯಾಂಡಿಡಾ ಡಯಟ್’ ಮನೆಯ ಹಿರಿಯರ ಕಿವಿಗೆ ಬಿದ್ದಾಗ ಅವರು ಅದನ್ನು ಸಹಜವಾಗಿಯೇ ಹೊಸ ಪಥ್ಯ ಎನ್ನುತ್ತಾರೆ. ಸಕ್ಕರೆ ಬೇಡ, ಬೆಲ್ಲ ಬೇಡ, ಜೇನು ಬೇಡ, ಕಳಿತ ಬಾಳೆಹಣ್ಣು ಬೇಡ, ಮೈದಾ ಬೇಡ, ಬ್ರೆಡ್ಡು ಬೇಡ, ವಿನೆಗರ್ ಬೇಡ, ಅಣಬೆ ಬೇಡ, ಮದ್ಯವಂತೂ ಬೇಡವೇ ಬೇಡ. ಪಟ್ಟಿಯ ತುಂಬ ಬೇಡಗಳು. ಇದು ನಿಜವಾಗಿ ಪಥ್ಯವೋ ಅಪಥ್ಯದ ಪಟ್ಟಿಯೋ ಎಂದು ಕೇಳಿಕೊಂಡರೆ, ಪದದ ಬೇರಿನವರೆಗೆ ಇಳಿಯದೆ ನಮ್ಮಂಥ ಪದಲೋಲುಪರಿಗೆ ನಿದ್ದೆ ಬಾರದು.

ಬೇರು ‘ಪಥಿನ್’, ದಾರಿ. ಪಾಣಿನಿಯು ಧರ್ಮ, ಪಥ, ಅರ್ಥ, ನ್ಯಾಯ ಎಂಬ ನಾಲ್ಕು ಪದಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿ, ಇವುಗಳಿಂದ ಆಚೀಚೆ ಸರಿಯದ್ದು ಎಂಬ ಅರ್ಥದಲ್ಲಿ ಒಂದು ‘ಯ’ಕಾರವನ್ನು ಹಚ್ಚುತ್ತಾನೆ. ಧರ್ಮದಿಂದ ಸರಿಯದ್ದು ಧರ್ಮ್ಯ, ಅರ್ಥದಿಂದ ಸರಿಯದ್ದು ಅರ್ಥ್ಯ, ನ್ಯಾಯದಿಂದ ಸರಿಯದ್ದು ನ್ಯಾಯ್ಯ, ಪಥದಿಂದ ಸರಿಯದ್ದು ಪಥ್ಯ. ಅಂದರೆ ನಮ್ಮ ಗಂಜಿ, ಹೆಸರುಬೇಳೆಯ ಕಟ್ಟುಗಳೆಲ್ಲ ಹುಟ್ಟಿನಲ್ಲಿ ಧರ್ಮನ್ಯಾಯಗಳ ಒಡಹುಟ್ಟುಗಳು. ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎನ್ನುತ್ತಿದ್ದರಲ್ಲ, ಆ ಲೆಕ್ಕದಲ್ಲಿ ಪಥ್ಯವೆಂದರೆ ಬಟ್ಟೆದಪ್ಪದುದು. ಈ ಪಥಿನ್ ಎಂಬುದರ ದಾಯಾದಿಗಳು ದೂರದೂರದ ಭಾಷೆಗಳಲ್ಲಿ ದಾರಿಯ ಬೇರೆಬೇರೆ ರೂಪಗಳನ್ನು ಹಿಡಿದು ನಿಂತಿವೆ: ಲ್ಯಾಟಿನ್ನಿನಲ್ಲಿ ಸೇತುವೆಯಾದ ‘ಪೋನ್ಸ್’, ಗ್ರೀಕಿನಲ್ಲಿ ಕಡಲಾದ ‘ಪೊಂಟೊಸ್’ (ನಾವಿಕರಿಗೆ ಕಡಲೇ ದಾರಿ), ರಷ್ಯನ್ನಿನಲ್ಲಿ ದಾರಿಯಾಗಿಯೇ ಉಳಿದ ‘ಪುತ್’. 1957ರಲ್ಲಿ ಸೋವಿಯತ್ ದೇಶ ಹಾರಿಸಿದ ಸ್ಪುಟ್ನಿಕ್ಕಿನ ಹೊಟ್ಟೆಯೊಳಗೆ ಇರುವುದು ಇದೇ ಪುತ್; ಸಹಪಥಿಕ ಎಂದೇ ಅದರ ಅರ್ಥ. ಅಜ್ಜಿಯ ಪಥ್ಯಕ್ಕೂ ಆಕಾಶದ ಉಪಗ್ರಹಕ್ಕೂ ನೆಂಟಸ್ತಿಕೆ ಇದೆಯೆಂದರೆ ಯಾರಿಗಾದರೂ ಒಂದು ಗಳಿಗೆ ನಗು ಬರದೆ ಇರದು.

ದಾರಿ ಸರಿ, ಆದರೆ ಯಾವ ದಾರಿ? ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಪಥ್ಯಕ್ಕೆ ಕೊಟ್ಟ ಲಕ್ಷಣದಲ್ಲಿ ಎರಡು ಕಾಲುಗಳಿವೆ. ಪಥದಿಂದ ಸರಿಯದಿರುವುದು ಒಂದು, ಮನಸ್ಸಿಗೆ ಪ್ರಿಯವಾಗಿರುವುದು ಇನ್ನೊಂದು. ಹನ್ನೊಂದನೆಯ ಶತಮಾನದ ವ್ಯಾಖ್ಯಾನಕಾರ ಚಕ್ರಪಾಣಿದತ್ತ ಇಲ್ಲಿಯ ಪಥವನ್ನು ಶರೀರದ ಸ್ರೋತಸ್ಸು, ಅಂದರೆ ಒಡಲೊಳಗಿನ ಹರಿವಿನ ಮಾರ್ಗ ಎಂದು ಬಿಡಿಸುತ್ತಾನೆ. ಬಾಯಿಯಿಂದ ಗುದದವರೆಗಿನ ಅನ್ನದ ಹಾದಿಗೆ ಆಯುರ್ವೇದದ ಹೆಸರು ಮಹಾಸ್ರೋತಸ್ಸು. ಇಂದಿನ ಪಟ್ಟಿಗಳು ಯಾವ ಜೀವಿಯನ್ನು ಹೊರದೂಡಲು ಹೊರಟಿವೆಯೋ ಅದು ಬೀಡುಬಿಟ್ಟಿರುವುದೂ ಇದೇ ಹಾದಿಯಲ್ಲಿ.

ಎರಡನೆಯ ಕಾಲು, ಮನಸ್ಸಿಗೆ ಪ್ರಿಯವಾಗಿರಬೇಕೆಂಬ ಷರತ್ತು, ನನಗೆ ಹೆಚ್ಚು ಇಷ್ಟ. ಪದದ ಮುಂದಿನ ಬಾಳೆಲ್ಲ ಈ ಕಾಲು ಕುಂಟಿದ ಕಥೆಯೇ ಆಗಿದೆ. ವಾಲ್ಮೀಕಿಯ ಮಾರೀಚ ರಾವಣನೆದುರು ಕೈಮುಗಿದು ಆಡುವ ಮಾತನ್ನು ನೆನಪಿಗೆ ತಂದುಕೊಳ್ಳಿ: ಸವಿಮಾತಿನವರು ಎಲ್ಲೆಲ್ಲೂ ಸಿಕ್ಕುತ್ತಾರೆ, ಅಪ್ರಿಯವಾದರೂ ಪಥ್ಯವಾದದ್ದನ್ನು ಹೇಳುವವನೂ ಕೇಳುವವನೂ ಸಿಕ್ಕುವುದಿಲ್ಲ ಎಂಬುದು ಅದರ ತಾತ್ಪರ್ಯ. ಅಲ್ಲಿ ಪಥ್ಯವೂ ಪ್ರಿಯವೂ ಎದುರುಬದುರು ನಿಂತುಬಿಟ್ಟಿವೆ. ಪಥ್ಯವೆಂದರೆ ಹಿತ, ಹಿತವೆಂದರೆ ಕಹಿ. ವೈದ್ಯನ ಕೋಣೆಯಿಂದ ರಾಜಸಭೆಗೆ ಏರಿದ ಪದ ತನ್ನ ಸವಿಯನ್ನು ಹೊಸ್ತಿಲಲ್ಲೇ ಬಿಟ್ಟುಹೋಯಿತು. ಕನ್ನಡದ ಗಾದೆಯಾದರೋ ಬಿಟ್ಟ ಸವಿಯನ್ನು ಮತ್ತೆ ಎತ್ತಿಕೊಂಡು ಬರುತ್ತದೆ: ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಚರಕನ ಲಕ್ಷಣದ ಎರಡೂ ಕಾಲು ಒಂದೇ ತಟ್ಟೆಯಲ್ಲಿ ಊರಿದ ಅಪರೂಪದ ಗಳಿಗೆ ಅದು, ಅಪರೂಪವಾದ್ದರಿಂದಲೇ ಗಾದೆಯಾಯಿತು.

ಈಗ ಕ್ಯಾಂಡಿಡಾ ಎಂಬ ಹೊರಗಿನ ಪದದ ಕಡೆಗೆ ತಿರುಗೋಣ, ಅದರ ಕಥೆಯೂ ಕಡಿಮೆಯದಲ್ಲ. ಹಾಲುಗೂಸಿನ ನಾಲಗೆಯ ಮೇಲೆ ಒಡೆದ ಮೊಸರಿನಂತೆ ಕೂರುವ ಬಿಳಿಯ ಪೊರೆಗೆ ಕಾರಣವಾದ ಸೂಕ್ಷ್ಮಜೀವಿ ಇದು, ಶಿಲೀಂಧ್ರಗಳ ಕುಲದ್ದು. 1923ರಲ್ಲಿ ನೆದರ್ಲ್ಯಾಂಡ್ಸಿನ ಕ್ರಿಸ್ಟೀನ್ ಬೆರ್ಖೌಟ್ ಈ ಪಂಗಡಕ್ಕೆ ಕ್ಯಾಂಡಿಡಾ ಎಂದು ಹೆಸರಿಟ್ಟರು. ಲ್ಯಾಟಿನ್ನಿನ ‘ಕ್ಯಾಂಡಿಡಸ್’ ಎಂದರೆ ಹೊಳೆಹೊಳೆಯುವ ಬಿಳಿ. ಪ್ರಾಚೀನ ರೋಮಿನಲ್ಲಿ ಪದವಿಗೆ ಸ್ಪರ್ಧಿಸುವವರು ಸುಣ್ಣದ ಪುಡಿ ತಿಕ್ಕಿ ಬೆಳ್ಳಗೆ ಮಾಡಿದ ಮೇಲುಹೊದಿಕೆ ತೊಟ್ಟು ಮತ ಕೇಳಲು ಹೊರಡುತ್ತಿದ್ದರು. ಅದರಿಂದಲೇ ಅಭ್ಯರ್ಥಿಗೆ ‘ಕ್ಯಾಂಡಿಡೇಟ್’ ಎಂಬ ಹೆಸರು. ನಮ್ಮ ಅಭ್ಯರ್ಥಿಗಳೂ ಬಿಳಿಯ ಖಾದಿಯಲ್ಲೇ ಬಾಗಿಲಿಗೆ ಬರುತ್ತಾರೆ, ಇದಕ್ಕೆ ಲ್ಯಾಟಿನ್ ಕಲಿಯಬೇಕಿಲ್ಲ. ಪೂರ್ಣನಾಮ ‘ಕ್ಯಾಂಡಿಡಾ ಆಲ್ಬಿಕನ್ಸ್’. ಆಲ್ಬಿಕನ್ಸ್ ಎಂದರೂ ಬೆಳ್ಳಗಾಗುತ್ತಿರುವುದೇ, ಒಟ್ಟಿನಲ್ಲಿ ಬೆಳ್ಳನೆಯ ಬಿಳಿ. ಇನ್ನೂ ಸೊಗಸಿನ ಸಂಗತಿ ಮುಂದಿದೆ: ಈ ಕ್ಯಾಂಡಿಡಸ್ಸಿನ ಮೂಲಧಾತುವೇ ನಮ್ಮ ‘ಚಂದ್ರ’ನದು. ಹೊಳೆಯುವವನು ಚಂದ್ರ, ಹೊಳೆಯುವಷ್ಟು ಬಿಳಿಯದು ಕ್ಯಾಂಡಿಡಾ, ಉರಿಯುವುದು ಕ್ಯಾಂಡಲ್ಲು. ವೇದಕಾಲದಲ್ಲಿ ಚಂದ್ರನ ಮೊದಲಿಗೆ ಒಂದು ಶಕಾರವೂ ಇತ್ತು, ‘ಶ್ಚಂದ್ರ’ ಎಂದು. ಆಮೇಲೆ ಅದು ಸವೆದುಹೋದರೂ ಒಂದು ಹೆಸರಿನೊಳಗೆ ಹಾಗೇ ಸಿಕ್ಕಿಕೊಂಡಿದೆ. ರಾಘವಾಂಕನ ಕಾವ್ಯದಿಂದ ನಮ್ಮ ಮನೆಮಾತಾದ ಹರಿಶ್ಚಂದ್ರನಲ್ಲಿ ನಡುವೆ ಆ ‘ಶ್’ ಏಕೆ ಬಂತೆಂದು ಶಾಲೆಯಲ್ಲಿ ತಲೆಕೆರೆದುಕೊಂಡವರಿಗೆ ಉತ್ತರ ಇಲ್ಲಿದೆ.

ಪಥ್ಯದ ಪಟ್ಟಿಯಲ್ಲಿ ಕ್ಯಾಂಡಿಡಾದ ಬೆನ್ನಿಗೇ ಬರುವ ಪದ ಯೀಸ್ಟ್. ಇದಕ್ಕೆ ಕನ್ನಡವೇನು? ಸಂಸ್ಕೃತದಲ್ಲಿ ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ‘ಕಿಣ್ವ’ ಎಂಬ ಮುದ್ದಾದ ಹೆಸರಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷನ ಪ್ರಕರಣದಲ್ಲಿ ಉದ್ದನ್ನೂ ಅಕ್ಕಿಯನ್ನೂ ಸೇರಿಸಿ ಕಿಣ್ವ ಕಟ್ಟುವ ವಿಧಾನವೇ ಇದೆ (ಉದ್ದು, ಅಕ್ಕಿ! ನಮ್ಮ ದೋಸೆಹಿಟ್ಟಿನ ಜೋಡಿಯನ್ನು ಅಲ್ಲಿ ಕಂಡು ಬೆರಗಾಗಬೇಕು). ಚಾರ್ವಾಕರು ಇದೇ ಕಿಣ್ವವನ್ನು ತತ್ತ್ವಕ್ಕೆ ಎಳೆತಂದರು: ಕಿಣ್ವಾದಿಗಳು ಕೂಡಿದಾಗ ಅಮಲು ಹುಟ್ಟುವ ಹಾಗೆ ಭೂತಗಳು ಕೂಡಿದಾಗ ಚೈತನ್ಯ ಹುಟ್ಟುತ್ತದೆ, ಬೇರೆ ಆತ್ಮವೇಕೆ ಎಂಬುದು ಅವರ ವಾದ. ಇಷ್ಟು ಹೆಮ್ಮೆಯ ಪೂರ್ವಾಶ್ರಮದ ಪದವನ್ನು ನಮ್ಮ ವಿಜ್ಞಾನದ ಪಠ್ಯಪುಸ್ತಕಗಳು ಎತ್ತಿಕೊಂಡದ್ದು ಯೀಸ್ಟಿಗಲ್ಲ, ಎನ್‌ಜೈಮಿಗೆ. ತಪ್ಪೆನ್ನುವ ಮೊದಲು ಎನ್‌ಜೈಮಿನ ಹುಟ್ಟನ್ನೂ ನೋಡಬೇಕು. 1870ರ ದಶಕದಲ್ಲಿ ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ ಟಂಕಿಸಿದ ಆ ಪದದ ಗ್ರೀಕ್ ಅರ್ಥ ‘ಹುದುಗಿನೊಳಗಿನದು’ ಎಂದೇ. ನಮ್ಮ ಪಾರಿಭಾಷಿಕರು ಬೇರು ಹಿಡಿದೇ ಕೊಯ್ದಿದ್ದಾರೆ, ನಷ್ಟವಾದದ್ದು ಯೀಸ್ಟಿಗೆ ಮಾತ್ರ. ಅದು ಕನ್ನಡದಲ್ಲಿ ಯೀಸ್ಟಾಗಿಯೇ ಉಳಿಯಿತು, ಅಡುಗೆಮನೆಯಲ್ಲಿ ‘ಹುದುಗು’ ಎಂದಾಯಿತು. ಹಿಟ್ಟು ಹುದುಗು ಬಂತು ಎನ್ನುವವರು, ಹುಳಿ ಬಂತು ಎನ್ನುವವರು, ಬರೀ ಉಬ್ಬಿತು ಎನ್ನುವವರು, ಎಲ್ಲರೂ ನಮ್ಮಲ್ಲಿ ಇದ್ದಾರೆ. ಅಡಗಿಕೊಳ್ಳುವುದಕ್ಕೂ ಹುದುಗು ಎನ್ನುತ್ತೇವೆ ಎಂಬುದನ್ನು ನೆನೆದಾಗ, ಕಣ್ಣಿಗೆ ಕಾಣದ ಜೀವಿ ಹಿಟ್ಟಿನಲ್ಲಿ ಹುದುಗಿ ಕುಳಿತು ಹುದುಗಿಸುವ ಚಿತ್ರ ತಾನಾಗಿಯೇ ಮೂಡುತ್ತದೆ.

‘ಡಿಟಾಕ್ಸ್’ ಎಂಬ ಮೂರನೆಯ ಪದವನ್ನು ಬೇಗ ದಾಟಿಬಿಡೋಣ, ಅದರಲ್ಲಿ ರಸ ಕಡಿಮೆ. ಗ್ರೀಕಿನ ‘ಟೊಕ್ಸೊನ್’ ಎಂದರೆ ಬಿಲ್ಲು. ಬಾಣದ ತುದಿಗೆ ಸವರುವ ವಿಷ ಟೊಕ್ಸಿಕೊನ್. ಬಿಲ್ಲು ಬಾಣ ಮಾಯವಾಗಿ ವಿಷವೊಂದೇ ಉಳಿಯಿತು. ನಮ್ಮ ‘ನಂಜು’ ಇದಕ್ಕಿಂತ ಜೀವಂತ. ಗಾಯ ನಂಜಾಗುತ್ತದೆ, ನಂಜು ಏರುತ್ತದೆ, ಬದನೆಕಾಯಿ ನಂಜಿನ ಪದಾರ್ಥವೆಂದು ಹುಣ್ಣಾದವರ ತಟ್ಟೆಯಿಂದ ದೂರವಾಗುತ್ತದೆ. ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯಕ್ಕೆಂದೇ ಕನ್ನಡದಲ್ಲಿ ಖಗೇಂದ್ರಮಣಿದರ್ಪಣವನ್ನು ಬರೆದ. ನಂಜನಗೂಡಿನ ದೇವರೋ ನಂಜನ್ನು ಹೊರಹಾಕಿದವನಲ್ಲ, ಉಂಡು ಕೊರಳಲ್ಲಿ ಇಟ್ಟುಕೊಂಡವನು. ಒಡಲಿನ ನಂಜನ್ನು ಹೊರಹಾಕುವ ಕೆಲಸ ನಮ್ಮ ಯಕೃತ್ತು, ಮೂತ್ರಪಿಂಡಗಳದು. ಅವು ಯಾವ ಪಟ್ಟಿಗೂ ಕಾಯದೆ ದುಡಿಯುತ್ತಲೇ ಇರುತ್ತವೆ.

ಈ ಮೂರು ಪದಗಳು ಕೂಡಿ ಒಂದು ಪಥ್ಯವಾದದ್ದು ಅಮೆರಿಕದಲ್ಲಿ, 1980ರ ದಶಕದಲ್ಲಿ. ಅಲಬಾಮದ ವೈದ್ಯ ಒರಿಯನ್ ಟ್ರಸ್ 1983ರಲ್ಲಿ ಒಂದು ಪುಸ್ತಕ ತಂದರು. ಅದೇ ವರ್ಷ ಟೆನೆಸಿಯ ಮಕ್ಕಳ ವೈದ್ಯ ವಿಲಿಯಂ ಕ್ರೂಕ್ ‘ದಿ ಯೀಸ್ಟ್ ಕನೆಕ್ಷನ್’ ಬರೆದರು. ದಣಿವು, ತಲೆನೋವು, ಹೊಟ್ಟೆಯುಬ್ಬರ, ಮಂಕು, ಹೀಗೆ ನೂರು ದೂರುಗಳ ಹಿಂದೆ ಕರುಳಿನ ಕ್ಯಾಂಡಿಡಾ ಇದೆ, ಸಕ್ಕರೆಯನ್ನೂ ಹುದುಗನ್ನೂ ನಿಲ್ಲಿಸಿ ಅದನ್ನು ಹಸಿವಿನಿಂದ ಸೊರಗಿಸಬೇಕು ಎಂಬುದು ವಾದ. 1986ರಲ್ಲಿ ಅಲ್ಲಿನ ಅಲರ್ಜಿ ತಜ್ಞರ ಅಕಾಡೆಮಿ ಇದು ಊಹೆ, ರುಜುವಾತಾಗಿಲ್ಲ ಎಂದು ಹೇಳಿಕೆ ಕೊಟ್ಟಿತು. 1990ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದ ಪರೀಕ್ಷೆಯಲ್ಲಿ, ಇಂಥ ದೂರುಗಳಿದ್ದ ಹೆಂಗಸರ ದಣಿವು ಮಂಕುಗಳ ಮೇಲೆ ಶಿಲೀಂಧ್ರನಾಶಕ ನಿಸ್ಟಾಟಿನ್ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಕ್ಯಾಂಡಿಡಾ ಆರೋಗ್ಯವಂತರ ಬಾಯಿ, ಕರುಳುಗಳಲ್ಲೂ ವಾಸವಿರುವ ಜೀವಿ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ದೀರ್ಘಕಾಲದ ಆಂಟಿಬಯೋಟಿಕ್, ಕುಂದಿದ ರೋಗನಿರೋಧಕ ಶಕ್ತಿ ಇದ್ದಾಗ ಅದು ಮಿತಿ ಮೀರುತ್ತದೆ, ಆಗ ಬೇಕಾದದ್ದು ಡಾಕ್ಟರ ಔಷಧಿ. ಮಗುವಿನ ಬಾಯಲ್ಲಿ ಬಿಳಿಯ ಪೊರೆ ಕಂಡರೆ ಪದಕೋಶ ತೆರೆಯುತ್ತ ಕೂರಬಾರದು.

ಆದರೂ ಬಿಡುವುದರ ಪಟ್ಟಿ ನಮ್ಮ ನಾಡಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ, ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಆಧರಿಸಿ ಕನ್ನಡಿಸಿದ ಕರ್ಣಾಟಕ ಕಲ್ಯಾಣಕಾರಕದಲ್ಲಿ ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟು ಚಿಕಿತ್ಸೆ ಹೇಳುವ ಜೈನ ಮಾರ್ಗವನ್ನೇ ಹಿಡಿದ. ಮದ್ಯ ಮತ್ತು ಮಧು ಅಮೆರಿಕದ ಪಟ್ಟಿಯಲ್ಲೂ ಇವೆ. ಕಾರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮೋಜೆನಿಸುತ್ತದೆ. ಹುದುಗಿನಲ್ಲೂ ಜೇನಿನಲ್ಲೂ ಇರುವ ಸಣ್ಣ ಜೀವಗಳು ಸಾಯಬಾರದೆಂದು ಜೈನವೈದ್ಯ ಬಿಡಿಸಿದ. ಕರುಳಿನ ಸಣ್ಣ ಜೀವ ಸಾಯಲೆಂದೇ ಅಮೆರಿಕದ ವೈದ್ಯ ಬಿಡಿಸಿದ. ತಟ್ಟೆ ಒಂದೇ, ಸಂಕಲ್ಪ ತದ್ವಿರುದ್ಧ.

ಇಲ್ಲಿ ಪಥ್ಯದ ಪಲ್ಲಟ ಸ್ಪಷ್ಟವಾಗುತ್ತದೆ. ಸಂಸ್ಕೃತದ ವೈದ್ಯಗ್ರಂಥಗಳಲ್ಲಿ ಪಥ್ಯವೆಂದರೆ ಉಣ್ಣಬೇಕಾದದ್ದು. ಬಿಡಬೇಕಾದದ್ದಕ್ಕೆ ಅಪಥ್ಯವೆಂಬ ಬೇರೆ ಪದವೇ ಇದೆ, ಕೈಯದೇವನ ನಿಘಂಟಿನ ಹೆಸರೇ ಪಥ್ಯಾಪಥ್ಯವಿಬೋಧಕ. ಹೆಣ್ಣುರೂಪದ ‘ಪಥ್ಯಾ’ ಅಳಲೆಕಾಯಿಯ ಹೆಸರು, ಯಾರಿಗೂ ಕೇಡು ಮಾಡದ ಕಾಯಿ ಎಂಬ ನಂಬಿಕೆಯಿಂದ. ಛಂದಸ್ಸಿನಲ್ಲೂ ದಾರಿ ಬಿಡದೆ ನಡೆಯುವ ಅನುಷ್ಟುಪ್ಪಿಗೆ ‘ಪಥ್ಯಾ’ ಎಂದೇ ಹೆಸರು. ವೈದ್ಯಜೀವನದ ಲೋಲಿಂಬರಾಜ ಪಥ್ಯವಿದ್ದರೆ ಔಷಧವೇಕೆ, ಇಲ್ಲದಿದ್ದರೆ ಔಷಧದಿಂದೇನು ಎಂದು ಚಮತ್ಕರಿಸುವಾಗಲೂ ಅವನ ಮನಸ್ಸಿನಲ್ಲಿದ್ದದ್ದು ತುಂಬಿದ ಬಟ್ಟಲೇ. ಕನ್ನಡದ ಬಾಯಿಗೆ ಬಂದಮೇಲೆ ಪಥ್ಯ ನಿಧಾನವಾಗಿ ಅಪಥ್ಯದ ಜಾಗಕ್ಕೆ ಜಾರಿತು. ‘ಪಥ್ಯವೇನಾದರೂ ಉಂಟೋ?’ ಎಂದು ನಾವು ವೈದ್ಯರನ್ನು ಕೇಳುವುದು ಏನು ಬಿಡಬೇಕೆಂದು ತಿಳಿಯಲು. ‘ಪಥ್ಯ ಇಲ್ಲದ ಔಷಧಿ’ ಎಂದರೆ ಏನು ಬೇಕಾದರೂ ತಿನ್ನಬಹುದಾದ ಔಷಧಿ, ಗಿರಾಕಿಗೆ ಅದೇ ಪ್ರಿಯ. ಇನ್ನೊಂದು ಕವಲಿನಲ್ಲಿ ಪದ ಪೂರಾ ಮಗುಚಿ ಬಿತ್ತು. ಯಾವನಿಗೋ ಬುದ್ಧಿವಾದ ‘ಪಥ್ಯವಾಗಲಿಲ್ಲ’ ಎಂದಾಗ, ಪಕ್ಷದ ವರಿಷ್ಠರಿಗೆ ಭಿನ್ನಮತ ‘ಪಥ್ಯವಾಗುವುದಿಲ್ಲ’ ಎಂದು ಪತ್ರಿಕೆ ಬರೆದಾಗ, ಪಥ್ಯದ ಅರ್ಥ ರುಚಿಸುವುದು, ಒಗ್ಗುವುದು ಎಂದಾಯಿತು. ಮಾರೀಚ ಪ್ರಿಯಕ್ಕೆ ಎದುರಾಗಿ ನಿಲ್ಲಿಸಿದ ಪದ ಪ್ರಿಯದ್ದೇ ಪರ್ಯಾಯವಾಗಿ ನಮ್ಮ ಸಂಪಾದಕೀಯಗಳಲ್ಲಿ ಕುಳಿತಿದೆ. ರಾವಣನಿಗೆ ಪಥ್ಯವು ಪಥ್ಯವಾಗಲಿಲ್ಲ ಎಂದರೂ ಕನ್ನಡದಲ್ಲಿ ವಿರೋಧವಿಲ್ಲ. ಮರಾಠಿಯಲ್ಲಿ ‘ಪಥ್ಯಾವರ ಪಡಣೆ’ ಎಂದರೆ ಲಾಭಕ್ಕೆ ಒದಗುವುದು. ಒಬ್ಬನ ಸೋಲು ಇನ್ನೊಬ್ಬನ ಪಥ್ಯದ ಮೇಲೆ ಬೀಳುತ್ತದೆ. ಈ ಅರ್ಥಕ್ಕೆ ನಾವು ಕೈಹಾಕಲಿಲ್ಲ.

ಹಾಗಾದರೆ ಕ್ಯಾಂಡಿಡಾದ ಪಟ್ಟಿಯನ್ನು ಹಿಡಿಯಲೇಬೇಕೆಂದವರು ಚರಕನ ಅರ್ಥದ ಪಥ್ಯವನ್ನು ಹೇಗೆ ಆರಿಸಬೇಕು? ಬೇಡಗಳನ್ನು ಬದಿಗಿಟ್ಟು ಬೇಕುಗಳಿಂದ ಮೊದಲುಮಾಡಬೇಕು ಎಂಬುದು ನನ್ನ ಮತ. ಹೀರೆ, ಪಡವಲ, ಸೋರೆ, ಹಾಗಲ, ದಂಟು, ಹರಿವೆ, ಮೆಂತ್ಯದ ಸೊಪ್ಪು, ತೆಂಗಿನಕಾಯಿ, ಬೆಳ್ಳುಳ್ಳಿ, ಶುಂಠಿ, ಮೊಟ್ಟೆ, ಮೀನು ಇವಕ್ಕೆ ಯಾವ ಪಟ್ಟಿಯಲ್ಲೂ ತಕರಾರಿಲ್ಲ. ತೆಂಗಿನೆಣ್ಣೆಯಲ್ಲಿರುವ ಕ್ಯಾಪ್ರಿಲಿಕ್ ಆಮ್ಲ ಪ್ರಯೋಗಶಾಲೆಯ ತಟ್ಟೆಯಲ್ಲಿ ಕ್ಯಾಂಡಿಡಾವನ್ನು ತಡೆಯುತ್ತದೆ, ನಮ್ಮ ಹೊಟ್ಟೆ ಪ್ರಯೋಗಶಾಲೆಯ ತಟ್ಟೆಯಲ್ಲ ಎಂಬುದನ್ನೂ ಜೊತೆಗೆ ನೆನಪಿಟ್ಟುಕೊಂಡರೆ ಪಲ್ಯಕ್ಕೆ ಒಗ್ಗರಣೆ ಹಾಕಲು ಅಡ್ಡಿಯಿಲ್ಲ. ರಾಗಿ, ನವಣೆಗಳ ವಿಷಯದಲ್ಲಿ ಪಟ್ಟಿಗಳು ಒಂದಕ್ಕೊಂದು ಜಗಳವಾಡುತ್ತವೆ. ಇಡ್ಲಿ ದೋಸೆಗಳಂತೂ ದೊಡ್ಡ ಪೀಕಲಾಟ: ಹುದುಗಿದ್ದೆಲ್ಲ ಬೇಡ ಎನ್ನುವ ಪಟ್ಟಿ ಅವನ್ನು ಹೊರಗಿಡುತ್ತದೆ, ಹುಳಿಸುವ ಬ್ಯಾಕ್ಟೀರಿಯಾ ಕರುಳಿಗೆ ಮಿತ್ರ ಎನ್ನುವ ಪಟ್ಟಿ ಮೊಸರಿನೊಡನೆ ಒಳಗೆ ಕರೆಯುತ್ತದೆ. ಬೆಂದ ಇಡ್ಲಿಯಲ್ಲಿ ಯೀಸ್ಟೂ ಸತ್ತಿರುತ್ತದೆ, ಮಿತ್ರರೂ ಸತ್ತಿರುತ್ತಾರೆ, ಉಳಿಯುವುದು ಅಕ್ಕಿ ಉದ್ದು. ಇಬ್ಬರ ವಾದವೂ ಹಬೆಯಲ್ಲಿ ಹೋಯಿತು. ಚರಕ ಈ ಜಗಳವನ್ನು ಮೊದಲೇ ಕಂಡವನಂತೆ, ಪಥ್ಯಾಪಥ್ಯಗಳು ದ್ರವ್ಯಕ್ಕೆ ಹುಟ್ಟಾ ಅಂಟಿದ ಗುಣವಲ್ಲ, ಪ್ರಮಾಣ, ಕಾಲ, ಸಂಸ್ಕಾರ, ನೆಲ, ದೇಹ, ದೋಷಗಳನ್ನು ನೋಡಿ ಅವು ಅದಲುಬದಲಾಗುತ್ತವೆ ಎಂದು ಸೇರಿಸಿದ್ದಾನೆ. ಸಂಸ್ಕಾರವೆಂದರೆ ಇಲ್ಲಿ ಅಡುಗೆಯ ಕ್ರಮ. ತೆಳ್ಳಗೆ ಸೊರಗಿದವರು, ಬಸುರಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಇಂಥ ಪಟ್ಟಿಗಳನ್ನು ತಾವೇ ಹಿಡಿಯದೆ ಡಾಕ್ಟರಿಗೆ ತೋರಿಸಬೇಕೆಂಬುದೂ ಈ ‘ದೇಹ’ ಎಂಬ ಒಂದು ಪದದೊಳಗೇ ಅಡಕ.

ಈಚಿನ ಕನ್ನಡ ಕೆಲಸವನ್ನು ಹಂಚಿಕೊಂಡಿದೆ. ಮೈ ಇಳಿಸುವವರದು ಡಯಟ್, ದೇವರಿಗಾಗಿ ಬಿಟ್ಟವರದು ಉಪವಾಸ, ಕಾಯಿಲೆಯವರದು ಪಥ್ಯ. ಡಯಟ್ ಕೂಡ ಗ್ರೀಕಿನ ‘ದಿಯೈತ’ ಎಂಬ ತವರಿನಲ್ಲಿ ನಿದ್ದೆ, ನಡಿಗೆ, ಸ್ನಾನ, ಊಟ ಎಲ್ಲ ಕೂಡಿದ ಬಾಳಿನ ರೀತಿಯೇ ಆಗಿತ್ತು. ಸವೆದು ಸವೆದು ತಟ್ಟೆಗೆ ಇಳಿಯಿತು. ಕ್ಯಾಂಡಿಡಾದವರು ಡಯಟ್ಟಿಗೂ ಪಥ್ಯಕ್ಕೂ ನಡುವಿನ ಗಡಿಯಲ್ಲಿ ನಿಂತಿದ್ದಾರೆ. ಅವರು ಊರಿಗೆ ಹೊರಟಾಗ ಹೋಟೆಲಿನಲ್ಲಿ ಬಾಯಿಗಿಡುವಂಥದು ಏನೂ ಸಿಕ್ಕದು, ಸಾಂಬಾರಿಗೆ ಬೆಲ್ಲ, ಕಾಫಿಗೆ ಸಕ್ಕರೆ, ಪೂರಿಗೆ ಮೈದಾ. ಮನೆಯಿಂದಲೇ ಬುತ್ತಿ ಕಟ್ಟಿಕೊಳ್ಳಬೇಕು. ಅದೇ ಪಥಿನ್ನಿಗೆ ಇನ್ನೊಂದು ಪ್ರತ್ಯಯ ಹಚ್ಚಿ ಪಾಣಿನಿ ಸಾಧಿಸಿಕೊಟ್ಟ ‘ಪಾಥೇಯ’ ಎಂಬ ಪದ ಈ ಬುತ್ತಿಯ ಹೆಸರು, ದಾರಿಯಲ್ಲಿ ಉಣ್ಣುವುದು ಎಂದು. ಪಥ್ಯವೂ ಪಾಥೇಯವೂ ಒಂದೇ ಡಬ್ಬಿಯಲ್ಲಿ ಹೀರೆಕಾಯಿ ಪಲ್ಯದೊಂದಿಗೆ ಅರಸೀಕೆರೆಯ ರೈಲು ಹತ್ತುತ್ತವೆ.